ಅಮ್ಮನ ಸ್ನಾನಕ್ಕೆ ನಲವತ್ತು ನಿಮಿಷ: ಶಿವಮೊಗ್ಗದ ಹಿರಿಯರ ವಸತಿಯಲ್ಲಿ ಮೂರು ಮಳೆಗಾಲ

ಅಮ್ಮ ಇಲ್ಲಿಗೆ ಬಂದದ್ದು 2022ರ ನವೆಂಬರ್‌ನಲ್ಲಿ. ಅಲ್ಲಿಂದ ಮೂರು ಮಳೆಗಾಲ ಕಳೆದವು. ಶಿವಮೊಗ್ಗದ ಹೊರವಲಯದಲ್ಲಿರುವ ಈ ಜಾಗದ ಹೆಸರು ಬರೆಯುವುದಿಲ್ಲ. ದೂರುಗಳೂ ಇವೆ, ಆದರೆ ಅಲ್ಲಿನವರೇ ಇವತ್ತಿಗೂ ಅಮ್ಮನ ತಲೆ ಬಾಚುತ್ತಿದ್ದಾರೆ. ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ. ಒಂದು ವರ್ಷದ ಹಿಂದೆ ಕೇಳಿದ್ದರೆ ಒಂದೂವರೆ ಅನ್ನುತ್ತಿದ್ದೆ.

ವೃದ್ಧಾಶ್ರಮ ಅಂದ ಕೂಡಲೇ ಸಾಲಾಗಿ ಮಂಚ ಹಾಕಿದ ಹಾಲ್ ಕಣ್ಣ ಮುಂದೆ ಬರುತ್ತದಲ್ಲ, ಇಲ್ಲಿ ಹಾಗಿಲ್ಲ. ಅಮ್ಮನಿಗೆ ಅವಳದೇ ಕೋಣೆ, ಅವಳದೇ ಬಚ್ಚಲು, ಕಾಫಿ ಮಾಡಿಕೊಳ್ಳಲು ಸಣ್ಣ ಕಟ್ಟೆ, ಬಾಗಿಲಿಗೆ ಅವಳದೇ ಬೀಗದ ಕೈ. ಬಾಡಿಗೆ ಬೇರೆ, ಆರೈಕೆಯ ಚಾರ್ಜ್ ಬೇರೆ. ದಿನಕ್ಕೆ ಎಷ್ಟು ಹೊತ್ತು ಒಬ್ಬರ ಸಹಾಯ ಬೇಕೋ ಅಷ್ಟಕ್ಕೆ ಲೆಕ್ಕ.

ಹೊಸನಗರ ತಾಲೂಕಿನ ನಮ್ಮ ಮನೆ ಅಡಿಕೆ ತೋಟದ ತುದಿಯಲ್ಲಿದೆ, ಬಸ್ಸಿಗೆ ಎರಡು ಕಿಲೋಮೀಟರ್ ನಡೆಯಬೇಕು. ಸ್ಟ್ರೋಕ್ ಆಗಿ ಅಮ್ಮನ ಎಡಗೈ, ಎಡಗಾಲಿನ ಬಲ ಹೋದ ಮೇಲೆ ಏಜೆನ್ಸಿಯಿಂದ ಹೋಂ ನರ್ಸ್‌ಗಳನ್ನು ಕರೆಸಿದೆವು. ಆಷಾಢದ ಮಳೆ, ಉಂಬಳ, ಮೂರು ದಿನ ಬಾರದ ಕರೆಂಟು ನೋಡಿ ಒಬ್ಬೊಬ್ಬರಾಗಿ ಹೊರಟರು. ಐದು ತಿಂಗಳಲ್ಲಿ ನಾಲ್ಕು ಜನ. ಅತ್ತಿಗೆಗೆ ಸೊಂಟದ ತೊಂದರೆ. ಅಣ್ಣ ಮೈ ತೊಳೆಸುವುದಕ್ಕೆ ಅಮ್ಮ ಸುತಾರಾಂ ಒಪ್ಪಲಿಲ್ಲ. ನನಗೆ ಭದ್ರಾವತಿಯಲ್ಲಿ ಬ್ಯಾಂಕಿನ ಕೆಲಸ. ಹಾಗಾಗಿ ಇಲ್ಲಿಗೆ ಬಂದೆವು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಮೊದಲ ವರ್ಷ ಅಮ್ಮನನ್ನು ನೋಡಿಕೊಂಡವರು ಸಾಗರದ ಕಡೆಯ ಒಬ್ಬ ಅಕ್ಕ. ಒಂದು ಶನಿವಾರ ಬೆಳಿಗ್ಗೆ ಆರೂವರೆಗೇ ಹೋಗಿ ಅವರು ಸ್ನಾನ ಮಾಡಿಸುವುದನ್ನು ಕೂತು ನೋಡಿದೆ. ನೀರನ್ನು ಮೊದಲು ತಮ್ಮ ಮಣಿಕಟ್ಟಿಗೆ ಹಾಕಿಕೊಂಡರು, ಆಮೇಲೆ ಅಮ್ಮನ ಬಲ ಅಂಗೈಗೆ. ಎಡಗೈಗೆ ಬಿಸಿ ತಿಳಿಯುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ, ಅದಕ್ಕೆ ಬಲಗೈ. "ಅಮ್ಮಾ, ಬಿಸಿ ಸಾಕಾ? ಬೆನ್ನಿಗೆ ಹಾಕ್ಲಾ?" ಅಂತ ಕೇಳಿ, ಅಮ್ಮ ಹೂಂ ಅಂದ ಮೇಲೆಯೇ ತಂಬಿಗೆ ಎತ್ತಿದರು. ತೊಡೆಯ ಮೇಲೆ ಹಾಕಿದ ಟವೆಲ್ ಸ್ನಾನ ಮುಗಿಯುವವರೆಗೂ ಅಲ್ಲೇ ಇತ್ತು. ಸೋಪನ್ನು ಅಮ್ಮನ ಕೈಗೆ ಕೊಟ್ಟು, "ಮುಖ, ಕುತ್ತಿಗೆ ನೀವೇ ತೊಳ್ಕಳಿ, ನಂಗೆ ಅವಸರ ಇಲ್ಲ" ಅಂದರು. ಕಾಲ್ಬೆರಳ ಸಂದಿ, ಎದೆಯ ಕೆಳಗೆ, ತೊಡೆಸಂದಿ ಎಲ್ಲ ಹಳೇ ಪಂಚೆಯ ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿದರು, ಉಜ್ಜಲಿಲ್ಲ.

ರವಿಕೆ ಹಾಕುವಾಗ ಬಲ ಇಲ್ಲದ ಎಡಗೈಯನ್ನು ಮೊದಲು ತೋಳಿಗೆ ಸೇರಿಸಿದರು, ಆಮೇಲೆ ಬಲಗೈ. ಬಿಚ್ಚುವಾಗ ಬಲಗೈ ಮೊದಲು, ಎಡಗೈ ಕೊನೆಗೆ. ಇಷ್ಟೇ ವಿಷಯ. ಮನೆಯಲ್ಲಿದ್ದಷ್ಟು ದಿನ ನಾನು ಇದನ್ನೇ ಉಲ್ಟಾ ಮಾಡಿ, ವಾರವಾರವೂ ಅಮ್ಮನ ಭುಜ ಎಳೆದು ನೋಯಿಸಿದ್ದೆ. ಅಂದು ಬಚ್ಚಲ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಎಲ್ಲ ಮುಗಿಯಲು ನಲವತ್ತು ನಿಮಿಷ ಹಿಡಿಯಿತು.

ಎರಡನೇ ವರ್ಷ ಆ ಅಕ್ಕ ಮಗಳ ಬಾಣಂತನಕ್ಕೆ ಅಂತ ರಜೆ ಹೋದರು. ಅವರ ಜಾಗಕ್ಕೆ ಒಂದೇ ತಿಂಗಳಲ್ಲಿ ಐದು ಹೊಸ ಮುಖ ಬಂದವು. ನಲವತ್ತು ನಿಮಿಷದ ಸ್ನಾನ ಹದಿನೈದಕ್ಕೆ ಇಳಿಯಿತು, ಬಿಲ್ ಮಾತ್ರ ಅಷ್ಟೇ ಇತ್ತು. ಸೀರೆ ಹೋಗಿ ನೈಟಿ ಬಂತು. ಅಮ್ಮನನ್ನು ಎಪ್ಪತ್ತಾರು ವರ್ಷದವರೆಗೆ ನಾನು ನೈಟಿಯಲ್ಲಿ ನೋಡಿದವಳೇ ಅಲ್ಲ. ಕೇಳಿದರೆ "ಅಜ್ಜಿಗೆ ಅದೇ ಆರಾಮ ಅಲ್ವಾ ಮೇಡಂ" ಅಂದರು. ಆರಾಮ ಯಾರಿಗೆ ಅಂತ ಜಗಳವಾಡಿದೆ. ಕೊನೆಗೆ ಗಾಂಧಿ ಬಜಾರಿನಿಂದ ತೆಳ್ಳನೆಯ ಹತ್ತಿ ಸೀರೆಗಳನ್ನು ತಂದು, ರವಿಕೆಯ ಎಡತೋಳನ್ನು ಎರಡು ಬೆರಳು ಅಗಲ ಬಿಡಿಸಿ, ಹುಕ್ಕಿನ ಜಾಗದಲ್ಲಿ ವೆಲ್ಕ್ರೋ ಹೊಲಿಸಿಕೊಟ್ಟೆ. ಈಗ ವಾರಕ್ಕೆ ಮೂರು ದಿನ ಸೀರೆ, ಉಳಿದ ದಿನ ನೈಟಿ. ಯಾವ ದಿನ ಏನು ಅನ್ನುವುದನ್ನು ಅಮ್ಮನೇ ಹೇಳುತ್ತಾಳೆ.

ಆದರೆ ಇಲ್ಲಿ ನಡೆದ ದೊಡ್ಡ ತಪ್ಪು ಅದಲ್ಲ. ರಾತ್ರಿ ಇಪ್ಪತ್ತೆರಡು ಕೋಣೆಗೆ ಒಬ್ಬರೇ ಇರುತ್ತಿದ್ದರು. ಅಮ್ಮ ಬೆಲ್ ಒತ್ತಿದರೆ ಕೆಲವು ರಾತ್ರಿ ಮುಕ್ಕಾಲು ಗಂಟೆ ಯಾರೂ ಬರುತ್ತಿರಲಿಲ್ಲ. ಒಮ್ಮೆ ಬಂದವನು ಗಂಡಸು, ಒಂದು ಮಾತೂ ಕೇಳದೆ ಕಂಕುಳಿಗೆ ಕೈ ಹಾಕಿ ಎತ್ತಿ ಕಮೋಡ್ ಚೇರ್ ಮೇಲೆ ಕೂರಿಸಿದನಂತೆ. ಅಮ್ಮ ಇದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಸಂಜೆ ನಾಲ್ಕರ ಕಾಫಿಯ ನಂತರ ಒಂದು ಗುಟುಕು ನೀರನ್ನೂ ಕುಡಿಯದೆ ಇರಲು ಶುರು ಮಾಡಿದಳು. ಕುಡಿಯದಿದ್ದರೆ ರಾತ್ರಿ ಏಳಬೇಕಾಗಿಲ್ಲ, ಯಾರನ್ನೂ ಕರೆಯಬೇಕಾಗಿಲ್ಲ ಅನ್ನುವುದು ಅವಳ ಲೆಕ್ಕ. ವಯಸ್ಸಾದ ಮೇಲೆ ಬಾಯಾರಿಕೆ ಮೊದಲೇ ಕಡಿಮೆ. ಆರು ವಾರ ಹೀಗೇ ನಡೆದಿದೆ.

ಒಂದು ಭಾನುವಾರ ಹೋದಾಗ, ತೀರಿಕೊಂಡು ಹತ್ತು ವರ್ಷವಾದ ಅಪ್ಪನನ್ನು "ಅಡಿಕೆ ಹಾಳೆ ಎಲ್ಲಿಟ್ರಿ?" ಅಂತ ಕೇಳುತ್ತಿದ್ದಳು. ಮ್ಯಾನೇಜರ್ "ಮರೆವು ಶುರುವಾಗಿದೆ ಮೇಡಂ, ಈ ವಯಸ್ಸಿಗೆ ಸಹಜ" ಅಂದರು. ಸಹಜವಾಗಿರಲಿಲ್ಲ. ಎರಡು ದಿನದಲ್ಲಿ ಹೀಗೆ ಬುದ್ಧಿ ಕಲಸಿಹೋದರೆ ಅದನ್ನು ಮರೆವಿನ ಕಾಯಿಲೆ ಅನ್ನುವ ಮೊದಲು ಸೋಂಕು ಇದೆಯಾ ಅಂತ ನೋಡಬೇಕು. ಆಸ್ಪತ್ರೆಗೆ ಕರೆದುಕೊಂಡು ಹೋದೆ, ಯೂರಿನ್ ಇನ್ಫೆಕ್ಷನ್ ಅಂದರು. ನಾಲ್ಕು ದಿನ ಡ್ರಿಪ್, ಆ್ಯಂಟಿಬಯಾಟಿಕ್. ಐದನೇ ದಿನ ಅಮ್ಮ ಮತ್ತೆ ಅಮ್ಮನಾದಳು, ಆಗ ನೀರು ಬಿಟ್ಟ ಕಥೆ ಹೇಳಿದಳು. "ಪಾಪ, ಅವಕ್ಕೂ ಎಷ್ಟು ಕೆಲಸ" ಅಂತ ಬೇರೆ ಸೇರಿಸಿದಳು.

ನನ್ನ ತಪ್ಪೂ ಇದೆ. ವಾರವಾರ ಹೋಗಿ "ಊಟ ಮಾಡಿದ್ಯಾ, ನಿದ್ದೆ ಬಂತಾ" ಅಂತ ಕೇಳಿದ್ದೇನೆ. ಕಮೋಡಿಗೆ ಯಾರು ಕರೆದುಕೊಂಡು ಹೋಗುತ್ತಾರೆ, ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಒಂದು ದಿನವೂ ಕೇಳಲಿಲ್ಲ. ಆ ಮಾತು ಎತ್ತಲು ನಮ್ಮಿಬ್ಬರಿಗೂ ಸಂಕೋಚ.

ಆಮೇಲೆ ಬಾಯಲ್ಲಿ ಹೇಳುವುದನ್ನು ಬಿಟ್ಟು ಬರೆದುಕೊಟ್ಟೆ. ಬೇರೆ ಆರು ಕೋಣೆಯವರ ಮಕ್ಕಳೂ ಸಹಿ ಹಾಕಿದರು. ರಾತ್ರಿ ಇಬ್ಬರು ಇರಬೇಕು, ಅದರಲ್ಲಿ ಒಬ್ಬರು ಹೆಂಗಸು. ಬೆಲ್ ಒತ್ತಿದ ಹೊತ್ತು, ಬಂದ ಹೊತ್ತು ಪುಸ್ತಕದಲ್ಲಿ ಬರೆಯಬೇಕು. ಸ್ನಾನಕ್ಕೆ ಗೊತ್ತಾದ ಇಬ್ಬರನ್ನು ಬಿಟ್ಟು ಬೇರೆ ಯಾರೂ ಬರಕೂಡದು. ಒಪ್ಪಿಕೊಳ್ಳಲು ಎರಡು ತಿಂಗಳು ಹಿಡಿಯಿತು, ತಿಂಗಳ ಚಾರ್ಜ್ ಕೂಡ ಸಾವಿರದ ಇನ್ನೂರು ಏರಿತು. ಕೊಡುತ್ತಿದ್ದೇನೆ. ಈಗ ಬೆಲ್ ಪುಸ್ತಕದಲ್ಲಿ ಹೆಚ್ಚಿನ ರಾತ್ರಿ ಐದಾರು ನಿಮಿಷ ಅಂತಿದೆ. ಅಮ್ಮನನ್ನು ಕೇಳಿದರೂ ಅಷ್ಟೇ ಹೇಳುತ್ತಾಳೆ. ಹಿರಿಯರ ಸಹಾಯವಾಣಿ 14567 ನೋಟಿಸ್ ಬೋರ್ಡಿನಲ್ಲಿ ಇರಲಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದು ನಾನೇ ಅಂಟಿಸಿದೆ, ಯಾರೂ ಕಿತ್ತಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮೂರು ವಾರ ಅಮ್ಮ ಹಾಸಿಗೆಯಲ್ಲೇ ಇದ್ದಳು. ಅಷ್ಟರಲ್ಲಿ ಸಾಗರದ ಅಕ್ಕ ವಾಪಸ್ ಬಂದಿದ್ದರು. ಎಡ ಹಿಮ್ಮಡಿಯಲ್ಲಿ ರೂಪಾಯಿಯಷ್ಟಗಲ ಕೆಂಪು ಕಂಡಿತು. ಅವರು ಬೆರಳಿಂದ ಒತ್ತಿ ಬಿಟ್ಟು ತೋರಿಸಿದರು. ಒತ್ತಿದಾಗ ಚರ್ಮ ಬಿಳಚಿಕೊಳ್ಳಲೇ ಇಲ್ಲ, ಕೆಂಪು ಕೆಂಪಾಗಿಯೇ ಇತ್ತು. ಬೆಡ್‌ಸೋರ್ ಶುರುವಾಗುವುದು ಹೀಗೇ ಅಂತೆ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿದರು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರು. ಗಾಯ ಆಗಲೇ ಇಲ್ಲ. ಇಂಥ ಕಣ್ಣಿರುವವರಿಗೆ ಇವರು ಕೊಡುವ ಸಂಬಳ ಎಷ್ಟು ಅಂತ ಕೇಳಿದೆ. ಕೇಳಿ ಬೇಜಾರಾಯಿತು.

ಮಳೆಗಾಲದ ಬಗ್ಗೆ ಮಲೆನಾಡಿನವರು ಬೇರೆಯಾಗಿಯೇ ವಿಚಾರಿಸಬೇಕು. ಇಲ್ಲಿ ಬಿಸಿನೀರಿಗೆ ಸೋಲಾರ್ ಹಾಕಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಇದ್ದೂ ಇಲ್ಲದ ಹಾಗೆ. ಮೊದಲ ವರ್ಷ ಜುಲೈನಲ್ಲಿ ವಾರಕ್ಕೆರಡೇ ಸ್ನಾನ, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಒಣಗದ ಒಳಬಟ್ಟೆ ಹಾಕಿ ಅಮ್ಮನ ತೊಡೆಸಂದಿಯಲ್ಲಿ ಫಂಗಸ್ ಆಯಿತು. ಮರುವರ್ಷ ಹಿಂದುಗಡೆ ಸೌದೆ ಒಲೆಯ ದೊಡ್ಡ ಹಂಡೆ ಕೂರಿಸಿದರು, ಅದರ ಮೇಲೆ ತಂತಿ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ನಮ್ಮೂರ ಬಚ್ಚಲು ಒಲೆಯ ಹೊಗೆ ವಾಸನೆ ಸೀರೆಯಲ್ಲಿ ಬರುತ್ತದೆ ಅಂತ ಅಮ್ಮನಿಗೆ ಖುಷಿ.

ಊಟ ಚೆನ್ನಾಗಿದೆ. ಒಂದೆಲಗದ ತಂಬುಳಿ, ಗಂಜಿ, ಕಡುಬು ಎಲ್ಲ ಸಿಗುತ್ತವೆ, ಉಪ್ಪು ಕಡಿಮೆ.

ನೋಡಲು ಹೋಗುವವರು ಹನ್ನೊಂದು ಗಂಟೆಗೆ ಹೋಗಬೇಡಿ. ಆಗ ಎಲ್ಲರೂ ತಲೆ ಬಾಚಿ, ಪೌಡರ್ ಹಾಕಿ ಕೂತಿರುತ್ತಾರೆ. ಬೆಳಿಗ್ಗೆ ಆರೂವರೆಗೆ ಅಥವಾ ರಾತ್ರಿ ಒಂಬತ್ತಕ್ಕೆ ಹೋಗಿ. ಅಲ್ಲಿರುವ ಹಿರಿಯರ ಉಗುರು ನೋಡಿ, ಹಲ್ಲಿನ ಸೆಟ್ ರಾತ್ರಿ ಎಲ್ಲಿಡುತ್ತಾರೆ ಕೇಳಿ. ನೀರಿನ ಲೋಟ ಬಲವಿರುವ ಕೈಗೆ ಎಟಕುವ ಹಾಗಿದೆಯಾ ನೋಡಿ. ಬಾಗಿಲು ತಟ್ಟಿ ಒಳಗೆ ಬರುತ್ತಾರಾ, ಹಾಗೇ ನುಗ್ಗುತ್ತಾರಾ ಗಮನಿಸಿ. ನೋಡಿಕೊಳ್ಳುವವರು ರಜೆ ಹಾಕಿದರೆ ಯಾರು ಬರುತ್ತಾರೆ ಅಂತ ಕೇಳಿ, ಅವರ ಮುಖವನ್ನೂ ಒಮ್ಮೆ ನೋಡಿ ಬನ್ನಿ.

ಉಗುರಿನ ವಿಷಯ ಇನ್ನೂ ಸರಿಯಾಗಿಲ್ಲ. ಅಮ್ಮನಿಗೆ ಶುಗರ್ ಇದೆ. ಕಾಲಿನ ಉಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸಬೇಕು ಅಂತ ಮೂರು ಸಲ ಹೇಳಿದ್ದೇನೆ. ಕಳೆದ ವಾರ ಮತ್ತೆ ಹೆಬ್ಬೆರಳ ಮೂಲೆ ಕೆಂಪಾಗಿತ್ತು. ಈ ಶನಿವಾರ ನಾನೇ ನೇಲ್ ಕಟರ್ ತೆಗೆದುಕೊಂಡು ಹೋಗಿ, ಹೊಸದಾಗಿ ಸೇರಿದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕತ್ತರಿಸಿ ತೋರಿಸುತ್ತೇನೆ.