ಗುತ್ತಿಗೆದಾರರ ಮೂಲಕವೋ, ನೇರ ನೇಮಕವೋ?

ಪೀಣ್ಯದಲ್ಲಿ ನಿಮ್ಮದೊಂದು ಸಣ್ಣ ಕಾರ್ಖಾನೆ, ಮುಂದಿನ ವರ್ಷಕ್ಕೆ ಜನ ಬೇಕು ಅಂತಿಟ್ಟುಕೊಳ್ಳಿ. ಗುತ್ತಿಗೆದಾರರ ಮೂಲಕ ಆದರೆ ಜನ ಬೇಗ ಸಿಗುತ್ತಾರೆ. ಆದರೆ ಗುತ್ತಿಗೆದಾರರು ಸಂಬಳ ಕೊಡದೆ ಹೋದರೆ ಕೊಡಬೇಕಾದವರು ನೀವೇ. ಕಮಿಷನ್ ಬೇರೆ.

ನೀವೇ ನಿಗದಿತ ಅವಧಿಗೆ ನೇಮಿಸಿಕೊಂಡರೆ ಜವಾಬ್ದಾರಿ ಜಾಸ್ತಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ಅದೇ ಕೆಲಸದ ಕಾಯಂ ನೌಕರರಷ್ಟೇ ಸಂಬಳ, ಸವಲತ್ತು ಇವರಿಗೂ ಸಿಗಬೇಕು. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸಿಗುವ ಇಡಿಗಂಟು) 5 ವರ್ಷ ಕಾಯಬೇಕಿಲ್ಲ, 1 ವರ್ಷ ಸಾಕು. ಅದಕ್ಕಾಗಿ ವರ್ಷಕ್ಕೆ 15 ದಿನದ ಸಂಬಳ ಮೊದಲೇ ಎತ್ತಿಡಿ.

ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದಲ್ಲಿ ಕೈ ಪಳಗಲು ತಿಂಗಳುಗಳೇ ಬೇಕು, ಅಲ್ವಾ? ಅಂಥ ಕೆಲಸಕ್ಕೆ ನೇರ ನೇಮಕವೇ ಸರಿ. ಕಲಿತ ಹುಡುಗ ಪಕ್ಕದ ಶೆಡ್ಡಿಗೆ ಹೋದರೆ ನಷ್ಟ ನಿಮಗೇ. ಸರಕು ಇಳಿಸಲು, ದಿಢೀರ್ ಬಂದ ಆರ್ಡರ್ ಮುಗಿಸಲು ಗುತ್ತಿಗೆ ನಡೆಯುತ್ತದೆ.