ಗದಗಿನಲ್ಲಿ ಕುಳಿತು ಕ್ಯಾಟಲೀನಾದ ಹದ್ದಿನ ಗೂಡು ಕಾಯುವುದು: ಒಂದು ನೇರ ಪ್ರಸಾರದ ವಿಮರ್ಶೆ

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಿಂದ ಆಚೆ ಎಂಟು ದ್ವೀಪಗಳ ಸಮೂಹವಿದೆ. ಚಾನೆಲ್ ದ್ವೀಪಗಳೆಂದು ಅವುಗಳ ಹೆಸರು. ಅಲ್ಲಿ ಗೂಡು ಕಟ್ಟುವ ಬಾಲ್ಡ್ ಈಗಲ್‌ಗಳನ್ನು, ಅಂದರೆ ಬಿಳಿತಲೆಯ ಹದ್ದುಗಳನ್ನು, ಎಕ್ಸ್‌ಪ್ಲೋರ್ ಡಾಟ್ ಆರ್ಗ್ ಎಂಬ ಜಾಲತಾಣ ನೇರ ಪ್ರಸಾರದಲ್ಲಿ ತೋರಿಸುತ್ತದೆ. ಯೂಟ್ಯೂಬಿನಲ್ಲೂ ಸಿಗುತ್ತದೆ, ಹಣ ಕೊಡಬೇಕಿಲ್ಲ. ಗೂಡುಗಳ ಮೇಲೆ ನಿಗಾ ಇಡುವ ಕೆಲಸ ಇನ್‌ಸ್ಟಿಟ್ಯೂಟ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಎಂಬ ಸಂಸ್ಥೆಯ ಜೀವಶಾಸ್ತ್ರಜ್ಞರದು. ನಾನು ಆರೋಗ್ಯ ಇಲಾಖೆಯ ಮಲೇರಿಯಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಗದಗ ಇನ್ನೂ ಧಾರವಾಡ ಜಿಲ್ಲೆಯ ತಾಲ್ಲೂಕಾಗಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದೆ. ಊರೂರು ತಿರುಗಿ ದಾಖಲೆ ಇಡುವುದೇ ನನ್ನ ಕಸುಬಾಗಿತ್ತು. ಆ ಕಣ್ಣಿನಿಂದಲೇ ಈ ಸೇವೆಯನ್ನು ತೂಗಿ ನೋಡಿದ್ದೇನೆ.

ಮೊದಲು ಸಮಯದ ಲೆಕ್ಕ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ, ಮಾರ್ಚ್ ನಡುವಿನಿಂದ ಹನ್ನೆರಡೂವರೆ ಗಂಟೆ. ಫೆಬ್ರವರಿಯಲ್ಲಿ ನಾವು ರಾತ್ರಿಯ ಊಟ ಮುಗಿಸಿ ಎಂಟೂಕಾಲರ ಹೊತ್ತಿಗೆ ಟಿ.ವಿ. ಹಚ್ಚಿದರೆ ಅಲ್ಲಿ ಸೂರ್ಯ ಆಗಷ್ಟೇ ಹುಟ್ಟುತ್ತಿರುತ್ತಾನೆ. ನಸುಕಿನಲ್ಲಿ ಏಳುವ ಅಭ್ಯಾಸವಿದ್ದವರಿಗೆ ಅಲ್ಲಿಯ ಇಳಿಹೊತ್ತು ಸಿಗುತ್ತದೆ. ದಿನವಿಡೀ ಕೆಲಸವಿರುವ ನಮ್ಮ ಕಡೆಯ ಜನಕ್ಕೆ ಇದಕ್ಕಿಂತ ಅನುಕೂಲದ ಹೊತ್ತು ಬೇರೆ ಇಲ್ಲ.

ಒಂದಕ್ಕಿಂತ ಹೆಚ್ಚು ಗೂಡುಗಳಿಗೆ ಕ್ಯಾಮೆರಾ ಇದೆ. ನನಗೆ ಹೆಚ್ಚು ಹಿಡಿಸಿದ್ದು ಸಾಂಟಾ ಕ್ಯಾಟಲೀನಾ ದ್ವೀಪದ ಪಶ್ಚಿಮ ತುದಿಯ ಗೂಡು, ವೆಸ್ಟ್ ಎಂಡ್. ಮರವಿಲ್ಲದ ಕಡಿದಾದ ಬಂಡೆ, ಅದರ ಮೇಲೆ ಕಡ್ಡಿಗಳ ರಾಶಿ, ಕೆಳಗೆ ಸಮುದ್ರ. ಗಾಳಿ ಜೋರಾದ ದಿನ ಧ್ವನಿಯನ್ನು ಏರಿಸಿದರೆ ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳ ಬುಡದಲ್ಲಿ ನಿಂತಂತಾಗುತ್ತದೆ. ಚಿತ್ರ ಬಲು ಸ್ಪಷ್ಟ. ತಾಯಿ ಮೊಟ್ಟೆಗಳ ಹತ್ತಿರ ಹೆಜ್ಜೆ ಇಡುವಾಗ ಉಗುರುಗಳನ್ನು ಒಳಕ್ಕೆ ಮಡಚಿ ಮುಷ್ಟಿ ಮಾಡಿಕೊಂಡು ನಡೆಯುವುದು ಕಾಣುತ್ತದೆ. ಮೀನನ್ನು ಸಿಗಿದು ಹಾಕುವ ಕೊಕ್ಕು, ಮರಿಗೆ ತುತ್ತು ಕೊಡುವಾಗ ಅಕ್ಕಿಕಾಳಿನಷ್ಟು ಚೂರನ್ನು ಹಿಡಿದು ತಲೆ ಓರೆ ಮಾಡಿ ಕಾಯುವುದನ್ನು ನಾನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಕಾಲಕ್ರಮ ಹೀಗಿದೆ. ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮೊಟ್ಟೆ. ಹೆಚ್ಚಾಗಿ ಎರಡು, ಒಮ್ಮೊಮ್ಮೆ ಮೂರು. ಸುಮಾರು 35 ದಿನ ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂರುತ್ತವೆ. ಮರಿ ಹಾರಲು ಹತ್ತರಿಂದ ಹನ್ನೆರಡು ವಾರ. ಹಾರಿದ ಮರಿಯ ತಲೆ ಕಂದು ಬಣ್ಣದ್ದೇ ಆಗಿರುತ್ತದೆ, ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕು. ಮೊದಲು ಹುಟ್ಟಿದ ಮರಿ ಚಿಕ್ಕದನ್ನು ಕುಕ್ಕುವುದೂ ಉಂಟು, ಚಿಕ್ಕದು ಉಳಿಯದೇ ಹೋಗುವುದೂ ಉಂಟು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಮೊದಲೇ ಹೇಳಿ ಕೂರಿಸಿ.

ಈ ಮೊಟ್ಟೆಗಳ ಹಿಂದಿನ ಕತೆ ಗೊತ್ತಿಲ್ಲದೆ ನೋಡಿದರೆ ಅರ್ಧವಷ್ಟೇ ನೋಡಿದಂತೆ. 1960ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಈ ದ್ವೀಪಗಳಲ್ಲಿ ಒಂದೂ ಬಾಲ್ಡ್ ಈಗಲ್ ಉಳಿದಿರಲಿಲ್ಲ. ಮುಖ್ಯ ಕಾರಣ ಸೊಳ್ಳೆ, ಕೀಟಗಳನ್ನು ಕೊಲ್ಲುವ ಡಿಡಿಟಿ ಎಂಬ ರಾಸಾಯನಿಕ. ಲಾಸ್ ಏಂಜಲೀಸ್ ಬಳಿಯ ಟಾರೆನ್ಸ್‌ನಲ್ಲಿ ಡಿಡಿಟಿ ತಯಾರಿಸುತ್ತಿದ್ದ ಮಾಂಟ್ರೋಸ್ ಕೆಮಿಕಲ್ ಕಂಪನಿಯ ತ್ಯಾಜ್ಯ ಒಳಚರಂಡಿಯ ಮೂಲಕ ಸಮುದ್ರ ಸೇರಿತು. ನೂರಾರು ಟನ್ ಡಿಡಿಟಿ ಪಾಲೋಸ್ ವರ್ಡೀಸ್ ಬಳಿಯ ಸಮುದ್ರತಳದಲ್ಲಿ ಕೂತಿತು. ಅಲ್ಲಿಂದ ಮೀನಿಗೆ, ಮೀನಿನಿಂದ ಕಡಲಕಾಗೆಗೆ, ಸೀಲ್ ಮತ್ತು ಕಡಲಸಿಂಹಗಳಿಗೆ, ಅವುಗಳ ಹೆಣ ತಿಂದ ಹದ್ದಿಗೆ. ಡಿಡಿಟಿ ಒಡೆದು ಆಗುವ ಡಿಡಿಇ ಎಂಬ ವಸ್ತು ಮೊಟ್ಟೆಚಿಪ್ಪಿಗೆ ಸುಣ್ಣದಂಶ ಸೇರದಂತೆ ತಡೆಯುತ್ತದೆ. ಚಿಪ್ಪು ತೆಳುವಾಗುತ್ತದೆ, ಕಾವು ಕೂತ ತಾಯಿಯ ಭಾರಕ್ಕೇ ಒಡೆಯುತ್ತದೆ.

ನಾನು ಡಿಡಿಟಿಯನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದವನು. ಬಕೆಟ್ಟಿನಲ್ಲಿ ಪುಡಿ ಕಲಸಿ, ಒಬ್ಬ ಪಂಪು ಒತ್ತಿದರೆ ಇನ್ನೊಬ್ಬ ಗೋಡೆಗೆ ಹೊಡೆಯಬೇಕು. ಚದರ ಮೀಟರಿಗೆ ಒಂದು ಗ್ರಾಂ ಲೆಕ್ಕ. ಜೋಳದ ಚೀಲ, ರೊಟ್ಟಿಯ ಬುಟ್ಟಿ, ಕೊಡಪಾನ ಎಲ್ಲ ಹೊರಗಿಡಿಸಿ, ಜಂತಿಯ ಸಂದು, ದನದ ಕೊಟ್ಟಿಗೆ ಬಿಡದೆ ಹೊಡೆಯುತ್ತಿದ್ದೆವು. ದೇವರ ಮನೆಗೆ ಬೇಡವೆನ್ನುವ ಅಜ್ಜಿಯರನ್ನು ಒಪ್ಪಿಸುವುದು ಬೇರೆಯದೇ ಕೆಲಸ. ಚಳಿಜ್ವರದಿಂದ ನಡುಗುವ ಮಕ್ಕಳನ್ನು ಕಂಡವನಿಗೆ ಆ ಪುಡಿ ಎಷ್ಟು ಜೀವ ಉಳಿಸಿತು ಎಂಬುದು ಗೊತ್ತಿರುತ್ತದೆ. ಮನೆಯೊಳಗಿನ ಗೋಡೆಗೆ ಅಳತೆ ಮಾಡಿ ಬಳಿಯುವುದು ಬೇರೆ, ಕಾರ್ಖಾನೆ ಅದನ್ನು ಟನ್ನುಗಟ್ಟಲೆ ಸಮುದ್ರಕ್ಕೆ ಬಿಡುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಆ ವಸ್ತು ಮಣ್ಣಿನಲ್ಲಿ, ಕೊಬ್ಬಿನಲ್ಲಿ ಎಷ್ಟು ಕಾಲ ಕರಗದೆ ಉಳಿಯುತ್ತದೆ ಎಂಬುದನ್ನು ಈ ಹದ್ದುಗಳಷ್ಟು ಖಚಿತವಾಗಿ ನನಗೆ ಯಾವ ತರಬೇತಿಯೂ ಕಲಿಸಲಿಲ್ಲ. ಅಮೆರಿಕ 1972ರಲ್ಲಿ ಡಿಡಿಟಿ ನಿಷೇಧಿಸಿತು. ನಮ್ಮಲ್ಲಿ ಹೊಲಗಳಿಗೆ ಅದನ್ನು ಬಳಸದಂತೆ ತಡೆದದ್ದು 1989ರಲ್ಲಿ. ಅಲ್ಲಿ ನಿಷೇಧವಾಗಿ ಹದಿನೈದು ವರ್ಷ ಕಳೆದ ಮೇಲೂ ಮೊಟ್ಟೆ ಒಡೆಯುತ್ತಲೇ ಇದ್ದವು.

1980ರಿಂದ 1986ರವರೆಗೆ ಕ್ಯಾಟಲೀನಾದಲ್ಲಿ 33 ಹದ್ದುಗಳನ್ನು ತಂದು ಬಿಟ್ಟರು. ಅವು ಬೆಳೆದು ಜೋಡಿಯಾಗಿ 1987ರಲ್ಲಿ ಇಟ್ಟ ಮೊಟ್ಟೆಗಳು ಗೂಡಿನಲ್ಲೇ ಒಡೆದವು. ಆಮೇಲೆ ಆ ಜನ ಮಾಡಿದ್ದನ್ನು ಓದಿದಾಗ ನಾನು ಎದ್ದು ಕೂತೆ. ನಿಜವಾದ ಮೊಟ್ಟೆಯನ್ನು ತೆಗೆದು ಅಲ್ಲಿ ಹುಸಿ ಮೊಟ್ಟೆ ಇಟ್ಟು, ನಿಜವಾದದ್ದನ್ನು ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿ, ಮರಿಯನ್ನು ಮತ್ತೆ ಗೂಡಿಗೆ ತಂದಿಟ್ಟರು. ಹುಸಿ ಮೊಟ್ಟೆಯ ಮೇಲೆ ಕೂತಿದ್ದ ತಾಯಿ ಮರಿಯನ್ನು ಒಪ್ಪಿಕೊಂಡು ತುತ್ತು ಕೊಟ್ಟಿತು. ಜೀವಶಾಸ್ತ್ರಜ್ಞ ಪೀಟರ್ ಶಾರ್ಪ್ ಹೆಲಿಕಾಪ್ಟರಿನಿಂದ ಇಳಿಬಿಟ್ಟ ಹಗ್ಗಕ್ಕೆ ಜೋತು ಬಿದ್ದು ಗೂಡು ಮುಟ್ಟುತ್ತಿದ್ದರು. ಇದು ಒಂದೆರಡು ವರ್ಷದ ಸಾಹಸವಲ್ಲ, ವರ್ಷವರ್ಷವೂ ನಡೆದ ಕೆಲಸ. 2002ರಿಂದ 2006ರವರೆಗೆ ಸಾಂಟಾ ಕ್ರೂಜ್ ದ್ವೀಪದಲ್ಲಿ ಇನ್ನೂ 61 ಹದ್ದುಗಳನ್ನು ಬಿಟ್ಟರು. 2006ರಲ್ಲಿ ಆ ದ್ವೀಪದಲ್ಲಿ, ಯಾರ ಕೈಯೂ ಸೋಕದೆ, ಐವತ್ತು ವರ್ಷಗಳ ಮೇಲೆ ಮೊದಲ ಬಾರಿಗೆ ಮೊಟ್ಟೆಯೊಡೆದು ಮರಿ ಹೊರಬಂತು. ಮರುವರ್ಷ ಕ್ಯಾಟಲೀನಾದಲ್ಲೂ ಬಂತು.

ಇಂದು ತೆರೆಯ ಮೇಲೆ ಮೊಟ್ಟೆಚಿಪ್ಪಿನಲ್ಲಿ ಬಿರುಕು ಕಂಡರೆ ನನಗೆ ಆಗುವ ಸಂತೋಷಕ್ಕೆ ಕಾರಣ ಇದೇ. ಒಂದು ಕಾಲದಲ್ಲಿ ಅಲ್ಲಿ ಬಿರುಕೆಂದರೆ ಸಾವು.

ಸೇವೆಯ ನಿಜವಾದ ಬೆಲೆ, ನನ್ನ ಲೆಕ್ಕದಲ್ಲಿ, ಚಿತ್ರದ ಅಂದದಲ್ಲಿಲ್ಲ. ಅದರ ಬೆನ್ನಿಗಿರುವ ದಾಖಲೆಯಲ್ಲಿದೆ. ಯಾವ ಜೋಡಿ, ಯಾವ ದಿನ ಮೊಟ್ಟೆ, ಎಷ್ಟು ಮರಿಯಾದವು, ಎಷ್ಟು ಹಾರಿದವು ಎಂಬ ಅದೇ ಪ್ರಶ್ನೆಗಳನ್ನು ಪ್ರತಿ ಗೂಡಿಗೂ ಪ್ರತಿ ವರ್ಷವೂ ಕೇಳುತ್ತಾರೆ. ಕ್ಯಾಮೆರಾ ಇಲ್ಲದ ಗೂಡುಗಳನ್ನು ದೋಣಿಯಲ್ಲಿ ಹೋಗಿ, ಗುಡ್ಡ ಹತ್ತಿ, ದೂರದರ್ಶಕದಿಂದ ನೋಡಿ ಬರೆದುಕೊಳ್ಳುತ್ತಾರೆ. ನಾವು ಮನೆ ಮನೆಯ ಗೋಡೆಗೆ ಸ್ಟೆನ್ಸಿಲ್ ಹೊಡೆದು, ಪ್ರತಿ ಭೇಟಿಯ ದಿನಾಂಕ ಬರೆದು ಸಹಿ ಹಾಕುತ್ತಿದ್ದೆವು. ಯಾರಿಗೂ ಜ್ವರವಿಲ್ಲದ ಮನೆಗೂ ಹೋಗಿ ‘ಇಲ್ಲ’ ಎಂದು ಬರೆಯಬೇಕಿತ್ತು. ಆ ‘ಇಲ್ಲ’ ಇಲ್ಲದಿದ್ದರೆ ಮುಂದೆ ‘ಇದೆ’ ಎಂಬುದಕ್ಕೆ ಬೆಲೆ ಬರುವುದಿಲ್ಲ. ಮರಿಯಾಗದ ಗೂಡಿನ ಲೆಕ್ಕವನ್ನೂ ಅಷ್ಟೇ ನಿಷ್ಠೆಯಿಂದ ಇಡುವ ಈ ಜನರನ್ನು ನಾನು ನನ್ನ ಓಣಿಯವರೆಂದೇ ತಿಳಿದಿದ್ದೇನೆ.

ತಪ್ಪದೆ ನೋಡಬೇಕಾದದ್ದು ಮರಿಗಳಿಗೆ ಗುರುತು ಹಾಕುವ ದಿನ. ಮರಿಗಳಿಗೆ ಸುಮಾರು ಎಂಟು ವಾರವಾದಾಗ ಜೀವಶಾಸ್ತ್ರಜ್ಞರು ಗೂಡಿಗೆ ಬಂದು ಕೊಕ್ಕಿನ ದಪ್ಪ, ಕಾಲಿನ ಅಳತೆ ತೆಗೆದು ಗಂಡೋ ಹೆಣ್ಣೋ ನಿರ್ಧರಿಸುತ್ತಾರೆ, ರಕ್ತದ ಮಾದರಿ ಪಡೆಯುತ್ತಾರೆ, ಕಾಲಿಗೆ ಸಂಖ್ಯೆಯಿರುವ ಬಳೆ ತೊಡಿಸುತ್ತಾರೆ. ಮುಂದೆ ಆ ಹಕ್ಕಿ ಯಾವ ತೀರದಲ್ಲಿ ಕಂಡರೂ ಹುಟ್ಟಿದ ಗೂಡು ಗೊತ್ತಾಗುತ್ತದೆ.

ಕೊರತೆಗಳಿವೆ. ವಿವರಣೆ, ಚರ್ಚೆ ಎಲ್ಲ ಇಂಗ್ಲಿಷಿನಲ್ಲಿ. ನನ್ನ ಮನೆಯವರಿಗೆ ನಾನೇ ಪಕ್ಕದಲ್ಲಿ ಕೂತು ಹೇಳಬೇಕು. ಕ್ಯಾಮೆರಾ ಗೂಡಿನತ್ತಲೇ ಇರುವುದರಿಂದ ಬೇಟೆ ಕಾಣುವುದಿಲ್ಲ, ತಂದ ಮೀನಷ್ಟೇ ಕಾಣುತ್ತದೆ. ಗಾತ್ರದ ಅಂದಾಜೂ ಸಿಗುವುದಿಲ್ಲ: ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಮೀರುವ ಹಕ್ಕಿ ತೆರೆಯ ಮೇಲೆ ಕೋಳಿಯಷ್ಟೇ ಅನ್ನಿಸಬಹುದು. ಮೊಮ್ಮಗನಿಗೆ ಪಡಸಾಲೆಯ ಅಗಲವನ್ನು ಟೇಪಿನಲ್ಲಿ ಅಳೆದು ತೋರಿಸಿದ ಮೇಲೆಯೇ ಅವನು ನಂಬಿದ್ದು.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಹೋಗುವವರಿಗೆ ಈ ಪ್ರಸಾರ ಒಳ್ಳೆಯ ತರಬೇತಿ. ಮಂಗೋಲಿಯಾದಲ್ಲಿ ಕತ್ತಿಗೆ ಸಂಖ್ಯೆಯ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಫೋಟೊ ತೆಗೆದು ಹೊರಡುವ ಮುನ್ನ ಒಂದೊಂದೇ ಕತ್ತನ್ನು ದುರ್ಬೀನಿನಲ್ಲಿ ನೋಡುವ ತಾಳ್ಮೆಯನ್ನು ನನಗೆ ಕಲಿಸಿದ್ದು ಕ್ಯಾಟಲೀನಾದ ಗೂಡು.

ಹೊಸದಾಗಿ ನೋಡುವವರು ಮಾರ್ಚ್ ಕೊನೆಯಲ್ಲಿ, ರಾತ್ರಿ ಎಂಟರ ನಂತರ ವೆಸ್ಟ್ ಎಂಡ್ ಗೂಡಿನಿಂದ ಆರಂಭಿಸಿ. ಮೊಬೈಲ್ ಡೇಟಾದಲ್ಲಿ ನೋಡುವವರಿಗೆ ಚಿತ್ರದ ಗುಣಮಟ್ಟ 480 ಸಾಕು. ಕಾಲಿನ ಬಳೆಯ ಸಂಖ್ಯೆ ಓದಬೇಕಾದ ದಿನ ಮಾತ್ರ ಪೂರ್ತಿ ಏರಿಸಿಕೊಳ್ಳಿ.