ಮೆಮೊರಿ ಕಾರ್ಡಿಗೊಂದು ಬೀಗ: ಆರು ತಿಂಗಳು ಬಳಸಿ ನೋಡಿದ್ದು

ನಾನು ಪತ್ರ ಬರಹಗಾರ. ಶಿರಸಿಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ನನ್ನ ಟೇಬಲ್ಲು. ಕ್ರಯಪತ್ರ, ದಾನಪತ್ರ, ಅಣ್ಣತಮ್ಮಂದಿರ ಪಾಲುಪಟ್ಟಿ, ಇದೇ ಕೆಲಸ. 2023ರಲ್ಲಿ ಆಸ್ತಿ ನೋಂದಣಿಯ ಹೊಸ ಸಾಫ್ಟ್‌ವೇರು ಕಾವೇರಿ 2.0 ಬಂದ ಮೇಲೆ ಕಾಗದಗಳನ್ನೆಲ್ಲ ಮೊದಲೇ ಆನ್‌ಲೈನಿನಲ್ಲಿ ಹಾಕಬೇಕು. ಹಾಗಾಗಿ ಪಾರ್ಟಿಗಳ ಆಧಾರ್, ಪ್ಯಾನ್, ಪಹಣಿ, ಚೆಕ್ಕಿನ ಫೋಟೋ ಎಲ್ಲ ಫೋನಿಗೆ ಬರುತ್ತವೆ. ನಾನು ಅವನ್ನು ಮೆಮೊರಿ ಕಾರ್ಡಿಗೆ ಹಾಕಿ ಇಡುತ್ತೇನೆ.

ಫೋನಿಗೆ ಪಿನ್ ಇದೆ, ಬೆರಳಚ್ಚು ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಕಳೆದ ವರ್ಷ ಫೋನು ಕೈಜಾರಿ ಬಿದ್ದು ಡಿಸ್‌ಪ್ಲೇ ಒಡೆಯಿತು. ರಿಪೇರಿಗೆ ಕೊಟ್ಟೆ. ಅಂಗಡಿಯ ಹುಡುಗ ಕಾರ್ಡ್ ತೆಗೆದು ತನ್ನ ಕಂಪ್ಯೂಟರಿಗೆ ಹಾಕಿ, "ಬ್ಯಾಕಪ್ ತೆಗೆದಿಡ್ತೇನೆ ಸರ್" ಅಂದ. ಅಷ್ಟರಲ್ಲಿ ಸ್ಕ್ರೀನ್ ಮೇಲೆ ಹಿಂದಿನ ದಿನವಷ್ಟೇ ಗದ್ದೆ ಮಾರಿದ ಅಜ್ಜಿಯ ಆಧಾರ್ ಕಾರ್ಡು! ಪಿನ್ ಕೇಳಿದ್ದು ಯಾರು? ಹುಡುಗನದು ಒಳ್ಳೆ ಮನಸ್ಸೇ. ನನಗೆ ಮಾತ್ರ ಬೆವರು ಬಂತು.

ಆಮೇಲೆ ತಿಳಿಯಿತು. ಆಂಡ್ರಾಯ್ಡ್ 10 ಹಾಕಿಕೊಂಡೇ ಬಂದ ಫೋನುಗಳಲ್ಲಿ ಒಳಗಿನ ಮೆಮೊರಿಗೆ ಎನ್‌ಕ್ರಿಪ್ಶನ್, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಫೈಲುಗಳನ್ನು ಗುಪ್ತಲಿಪಿ ಮಾಡಿಡುವುದು, ಕಡ್ಡಾಯ. ಕಾರ್ಡಿಗೆ ಆ ಲೆಕ್ಕ ಇಲ್ಲ. ಮನೆಗೆ ಬೀಗ ಹಾಕಿ ಪೆಟ್ಟಿಗೆಯನ್ನು ಜಗುಲಿಯಲ್ಲಿ ಬಿಟ್ಟ ಹಾಗೆ.

ನನ್ನದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ ಸರಣಿಯ ಫೋನು. ಸೆಟ್ಟಿಂಗ್ಸಿನ ಸೆಕ್ಯುರಿಟಿ ಭಾಗದಲ್ಲಿ 'ಎನ್‌ಕ್ರಿಪ್ಟ್ ಎಸ್‌ಡಿ ಕಾರ್ಡ್' ಅಂತ ಇದೆ. ದುಡ್ಡು ಕೊಡಬೇಕಿಲ್ಲ, ಬೇರೆ ಆ್ಯಪ್ ಬೇಕಿಲ್ಲ. ನಾನು ಹಳೆ ಕಾರ್ಡಿಗೆ ಇದನ್ನು ಮಾಡಲಿಲ್ಲ. ಅಳಿಸಿದ ಫೋಟೋಗಳನ್ನೂ ರಿಕವರಿ ಸಾಫ್ಟ್‌ವೇರು ಹೆಕ್ಕಿ ತೆಗೆಯುತ್ತದೆ, ಅಲ್ವಾ? ಹೊಸ 64 ಜಿಬಿ ಕಾರ್ಡ್ ತಂದು, ಖಾಲಿ ಇರುವಾಗಲೇ ಎನ್‌ಕ್ರಿಪ್ಟ್ ಮಾಡಿ, ಆಮೇಲೆ ಫೈಲುಗಳನ್ನು ತುಂಬಿಸಿದೆ. ಹಳೆಯದನ್ನು ಸುತ್ತಿಗೆಯಿಂದ ಜಜ್ಜಿದೆ. ಸ್ವಲ್ಪ ಜಾಸ್ತಿಯೇ ಜಜ್ಜಿದೆ ಅನ್ನಿ.

ಫೋನಿನಲ್ಲಿ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಿನ್ ಹಾಕಿದರೆ ಫೋಟೋಗಳು ಮೊದಲಿನ ಹಾಗೇ ತೆರೆಯುತ್ತವೆ. ಪರೀಕ್ಷೆ ಮಾಡೋಣ ಅಂತ ಕಾರ್ಡನ್ನು ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿಸಿದೆ. ಒಂದು ಫೋಟೋವೂ ತೆರೆಯಲಿಲ್ಲ. "ನಿಮ್ಮ ಕಾರ್ಡ್ ಹೋಯ್ತು, ಫಾರ್ಮ್ಯಾಟ್ ಮಾಡ್ಲಾ?" ಅಂದರು ಅಂಗಡಿಯವರು. ಬೇಡ ಮಾರಾಯ್ರೇ ಅಂತ ಕಿತ್ತುಕೊಂಡು ಬಂದೆ.

ಇನ್ನು ತೊಡಕಿನ ವಿಷಯ. ಈ ಬೀಗದ ಕೀಲಿ ಇರುವುದು ಫೋನಿನೊಳಗೆ. ನಿಮ್ಮ ಪಿನ್ ಗೊತ್ತಿದ್ದರೂ ಕಾರ್ಡು ಬೇರೆ ಫೋನಿನಲ್ಲಿ ತೆರೆಯುವುದಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದರೆ, ಅಂದರೆ ಫೋನನ್ನು ಪೂರ್ತಿ ಅಳಿಸಿ ಹೊಸದರ ಹಾಗೆ ಮಾಡಿದರೆ, ಅದೇ ಫೋನಿನಲ್ಲೂ ತೆರೆಯುವುದಿಲ್ಲ. ನನ್ನ ಭಾವ ನನ್ನನ್ನು ನೋಡಿ ತಾನೂ ಎನ್‌ಕ್ರಿಪ್ಟ್ ಮಾಡಿಕೊಂಡ. ಮೂರೇ ತಿಂಗಳಿಗೆ, ಫೋನು ಸ್ಪೀಡ್ ಆಗಲಿ ಅಂತ ರೀಸೆಟ್ ಹೊಡೆದ. ಮಗಳ ಮದುವೆ ಫೋಟೋಗಳು ಹೋದವು. ಮೊದಲು 'ಡಿಕ್ರಿಪ್ಟ್' ಮಾಡಿ ಕಾರ್ಡಿನ ಬೀಗ ತೆಗೆಯಬೇಕಿತ್ತು. ಅವನ ತಪ್ಪೇ, ಆದರೆ ಅಕ್ಕ ಈಗಲೂ ನನ್ನನ್ನೇ ಬೈಯುತ್ತಾಳೆ. ಫೋನಿನ ಬೋರ್ಡ್ ಸುಟ್ಟರೂ ಇದೇ ಗತಿ.

ಇನ್ನೊಂದು. ಲಾಕ್ ತೆಗೆದ ಫೋನನ್ನು ಯಾರದಾದರೂ ಕೈಗೆ ಕೊಟ್ಟರೆ ಎನ್‌ಕ್ರಿಪ್ಶನ್ ಏನೂ ಮಾಡುವುದಿಲ್ಲ. ಪಾರ್ಟಿಯವರಿಗೆ ವಾಟ್ಸಾಪ್ ತೋರಿಸುವಾಗಲೂ ಫೋನು ನನ್ನ ಕೈಯಲ್ಲೇ ಇರುತ್ತದೆ.

ಕಂಪ್ಯೂಟರಿನಲ್ಲೂ ತೆರೆಯಬೇಕು ಅನ್ನುವವರಿಗೆ ವೆರಾಕ್ರಿಪ್ಟ್ ಅನ್ನುವ ಎನ್‌ಕ್ರಿಪ್ಶನ್ ಸಾಫ್ಟ್‌ವೇರು ವಾಸಿ. ಅದೂ ಉಚಿತ. ಅದು ಒಂದೇ ಫೈಲನ್ನು ಪೆಟ್ಟಿಗೆ ಮಾಡಿ ಪಾಸ್‌ವರ್ಡ್ ಹಾಕುತ್ತದೆ, ಪಾಸ್‌ವರ್ಡ್ ನೆನಪಿದ್ದರೆ ಬೇರೆ ಕಂಪ್ಯೂಟರಿನಲ್ಲೂ ತೆರೆಯಬಹುದು. ಆದರೆ ಅವರದೇ ಆಂಡ್ರಾಯ್ಡ್ ಆ್ಯಪ್ ಇಲ್ಲ, ಫೋನಿನಲ್ಲಿ ತೆರೆಯಲು ಬೇರೆಯವರ ಆ್ಯಪ್ ಹುಡುಕಬೇಕು. ಫ್ಯಾಟ್32 ಅನ್ನುವ ಹಳೆ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡಾದರೆ ಪೆಟ್ಟಿಗೆ 4 ಜಿಬಿ ದಾಟುವಂತಿಲ್ಲ. ದಿನಕ್ಕೆ ಇಪ್ಪತ್ತು ಸಲ ಫೋನ್ ನೋಡುವ ನನಗೆ ಅದು ರಗಳೆ.

ಸ್ಯಾಮ್‌ಸಂಗ್‌ನ ಈ ಕಾರ್ಡ್ ಬೀಗಕ್ಕೆ ನನ್ನ ಅಂಕ ಐದಕ್ಕೆ ನಾಲ್ಕು. ಹೊಸ ಫೋನ್ ಕೊಳ್ಳುವವರು ಕಾರ್ಡಿಗೆ ಜಾಗ ಇದೆಯಾ ಅಂತ ಮೊದಲು ನೋಡಿ, ಸ್ಯಾಮ್‌ಸಂಗ್‌ನವರು 2021ರ ಗ್ಯಾಲಕ್ಸಿ ಎಸ್21ರಲ್ಲೇ ಅದನ್ನು ತೆಗೆದುಬಿಟ್ಟಿದ್ದಾರೆ.

ನಾನು ಈಗ ಶನಿವಾರ ಸಂಜೆ ಫೋನನ್ನೇ ಕಂಪ್ಯೂಟರಿಗೆ ಜೋಡಿಸಿ, ಎಲ್ಲವನ್ನೂ ವೆರಾಕ್ರಿಪ್ಟ್ ಪೆಟ್ಟಿಗೆಯಿರುವ ಪೆನ್‌ಡ್ರೈವಿಗೆ ಇಳಿಸುತ್ತೇನೆ. ಅದರ ಪಾಸ್‌ವರ್ಡ್ ಬರೆದ ಚೀಟಿ ಮನೆಯ ಟ್ರಂಕಿನಲ್ಲಿದೆ, ನಮ್ಮ ತೋಟದ ಕ್ರಯಪತ್ರದ ಜೊತೆ.